‘ಗೆ’ ಎಂದು ಬರೆದ ಮೇಲೆ ಯಾರ ಹೆಸರು?

ಪತ್ರಲೇಖನದ ಪಾಠ ಬಂದಾಗಲೆಲ್ಲ ನಾನು ಹಲಗೆಯ ಮೇಲೆ ಮೊದಲು ಬರೆಯುವುದು ಎರಡು ಮಾತು. ಮೇಲೆ ‘ಇಂದ’, ಅದರ ಕೆಳಗೆ ‘ಗೆ’. ಬರೆಯುವವರು ಯಾರು, ಯಾರಿಗೆ ಬರೆಯುತ್ತಿದ್ದೇವೆ, ಇವೆರಡು ಗೊತ್ತಿದ್ದರೆ ಉಳಿದ ಪತ್ರ ತಾನಾಗಿ ಬರುತ್ತದೆ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೆ ಹೇಳಿದವಳು, ಮೂರು ವರ್ಷದ ಹಿಂದೆ ಒಂದು ಸಂಜೆ, ನಾನೇ ‘ಗೆ’ ಎಂದು ಬರೆದು ಪೆನ್ನು ಹಿಡಿದು ಕುಳಿತುಬಿಟ್ಟೆ. ಮುಂದೆ ಯಾರ ಹೆಸರು ಬರೆಯಬೇಕೋ ತಿಳಿಯಲಿಲ್ಲ.

ನನ್ನೆದುರು ಗೋಡೆಗೆ ಒರಗಿ ಕುಳಿತವಳು ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ. ಗಂಡ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಊರ ಹೊರಗೆ ಮುಚ್ಚಿ ಬಿದ್ದಿದ್ದ ಎಣ್ಣೆ ಕಾರ್ಖಾನೆಯನ್ನು ಒಡೆಯುವ ಕೆಲಸಕ್ಕೆ ಅವನು ದಿನಗೂಲಿಯ ಮೇಲೆ ಹೋಗುತ್ತಿದ್ದ. ನೆಲದೊಳಗಿನ ಒಂದು ತೊಟ್ಟಿಗೆ ಇಳಿದ ಜೊತೆಗಾರ ಕೂಗಿದರೂ ಓಗೊಡಲಿಲ್ಲ. ಅವನನ್ನು ಎತ್ತಲೆಂದು ಇವನು ಇಳಿದ, ಅವನ ನಡುವಿಗೆ ಹಗ್ಗ ಕಟ್ಟಿದ. ಮೇಲಿದ್ದವರು ಎಳೆದುಕೊಂಡರು. ಹಗ್ಗ ಮತ್ತೆ ಕೆಳಗೆ ಬರುವುದರೊಳಗೆ ಇವನು ಬಿದ್ದಿದ್ದ. ಮೊದಲು ಇಳಿದವನು ಬದುಕಿದ, ಎತ್ತಲು ಇಳಿದವನು ಬದುಕಲಿಲ್ಲ.

“ಅಕ್ಕೋರ, ಮಾಲಕರ ಹೆಸರಿಗೆ ಅರ್ಜಿ ಬರೀರಿ,” ಎಂದಳು.

“ಯಾವ ಮಾಲಕರು, ತಂಗಿ?” ಎಂದೆ.

“ಅದನ್ನ ನಿಮ್ಮನ್ನ ಕೇಳಾಕಂತನ ಬಂದೇನ್ರಿ.”

ಯಾವ ಊರು ಎಂದು ನಾನು ಇಲ್ಲಿ ಹೇಳುವುದಿಲ್ಲ. ಆ ತಾಯಿ ಮಗಳು ಅಲ್ಲಿಯೇ ಬಾಳಬೇಕು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ವರ್ಗಾವಣೆಯಲ್ಲೇ ನನ್ನ ನೌಕರಿ ಕಳೆದಿದೆ. ಇವುಗಳಲ್ಲಿ ಒಂದು ಎಂದರೆ ಸಾಕು. ನಾಲ್ಕರಲ್ಲಿ ಯಾವುದರ ಹೊರವಲಯಕ್ಕೆ ಹೋದರೂ ನಿಮಗೆ ಒಂದಾದರೂ ಮುಚ್ಚಿದ ಗೇಟು ಕಾಣುತ್ತದೆ. ಅದು ಅಕ್ಕಿಯ ಗಿರಣಿ ಇರಬಹುದು, ಹತ್ತಿಯ ಜಿನ್ನು ಇರಬಹುದು, ಎಣ್ಣೆಯ ಮಿಲ್ಲು ಇರಬಹುದು. ಗೇಟಿನ ಮುಂದೆ ಜಾಲಿ ಬೆಳೆದಿರುತ್ತದೆ, ಬೀಗಕ್ಕೆ ತುಕ್ಕು ಹಿಡಿದಿರುತ್ತದೆ. ಒಂದು ದಿನ ಆ ಬೀಗ ತೆಗೆಯುತ್ತಾರೆ. ಒಳಗೆ ಗ್ಯಾಸ್ ಕಟರಿನ ನೀಲಿ ಉರಿ ಕಾಣುತ್ತದೆ. ಲಾರಿಗಳು ಕಬ್ಬಿಣ ತುಂಬಿಕೊಂಡು ಹೋಗುತ್ತವೆ. ನಾವು ಹೆಂಗಸರು ಸಂತೆಗೆ ಹೋಗುವಾಗ ನೋಡಿ, “ಪಾಪ, ಎಷ್ಟು ದೊಡ್ಡ ಕಾರ್ಖಾನೆ ಇತ್ತು” ಎಂದು ಮುಂದೆ ನಡೆಯುತ್ತೇವೆ. ನಾನೂ ಹಾಗೆಯೇ ನಡೆದವಳು. ಆ ಅರ್ಜಿ ಬರೆಯಲು ಕುಳಿತ ಮೇಲೆ ಹಾಗೆ ನಡೆಯುವುದು ನನ್ನಿಂದ ಆಗಲಿಲ್ಲ.

ಆ ಕಾರ್ಖಾನೆಯ ಮಾಲೀಕರ ಕಡೆಯವರನ್ನು ಕೇಳಿದರೆ, “ನಾವು ಆರು ತಿಂಗಳ ಹಿಂದೆಯೇ ಕೀಲಿಕೈ ಕೊಟ್ಟಿದ್ದೇವೆ, ಈಗ ನಮಗೂ ಅದಕ್ಕೂ ಸಂಬಂಧವಿಲ್ಲ” ಎಂದರು. ಕೀಲಿಕೈ ತೆಗೆದುಕೊಂಡವನು ಬೇರೆ ಜಿಲ್ಲೆಯ ಮೋಡಕಾ ವ್ಯಾಪಾರಿ. ಅವನು, “ನಾನು ಮಾಲು ಕೊಂಡವನು. ಒಡೆಯುವ ಕೆಲಸ ಬೇರೆಯವರಿಗೆ ಕೊಟ್ಟಿದ್ದೇನೆ” ಎಂದ. ಆ ಬೇರೆಯವನು ಊರಿನ ಮೇಸ್ತ್ರಿ. “ನಾನೂ ಕೂಲಿ ಮನುಷ್ಯಾನ ಅದೇನ್ರಿ, ನನ್ನ ಹೆಸರ ಯಾಕ ಬರೀತೀರಿ” ಎಂದು ಅಳುವ ಹಾಗೆ ನಿಂತ. ಒಂದು ಕೀಲಿಕೈ ಮೂರು ಕೈ ದಾಟಿತ್ತು. ಪ್ರತಿ ಕೈಯಲ್ಲೂ ಕಬ್ಬಿಣದ ಬೆಲೆ ಹೆಚ್ಚುತ್ತ ಹೋಯಿತು, ಜವಾಬ್ದಾರಿ ಕಡಿಮೆಯಾಗುತ್ತ ಹೋಯಿತು. ಕೊನೆಗೆ ತೊಟ್ಟಿಗೆ ಇಳಿದವನ ಹತ್ತಿರ ಬರುವಾಗ ಏನೂ ಉಳಿದಿರಲಿಲ್ಲ.

ಈ ಲೇಖನ ಬರೆಯುತ್ತಿರುವುದು ಈ ಒಂದು ಮಾತಿಗಾಗಿ. ಕೀಲಿಕೈ ಕೊಟ್ಟರೆ ಜವಾಬ್ದಾರಿ ಕೊಟ್ಟ ಹಾಗೆ ಆಗುವುದಿಲ್ಲ. ಕಾರ್ಖಾನೆ ನಡೆಸಿ ಲಾಭ ಉಂಡವರು ಅದನ್ನು ಒಡೆಯುವ ಕೊನೆಯ ದಿನದ ತನಕ ಅದರೊಳಗಿನ ವಿಷಕ್ಕೆ ಹೊಣೆಗಾರರು.

ಇದು ನಮಗೆ ಗೊತ್ತಿಲ್ಲದ ನೀತಿಯೇ? ಬಾಡಿಗೆಯ ಮನೆ ಬಿಡುವಾಗ ನಾವು ಹೊಸಬರಿಗೆ ಕೀಲಿ ಕೊಟ್ಟು ಸುಮ್ಮನೆ ಬರುತ್ತೇವೆಯೇ? “ಬಚ್ಚಲ ಮನೆಯ ಸ್ವಿಚ್ಚು ಶಾಕ್ ಹೊಡೀತೈತಿ, ಒದ್ದೆ ಕೈಯಲ್ಲಿ ಮುಟ್ಟಬ್ಯಾಡ್ರಿ. ಹಿತ್ತಲದ ಗುಂಡಿಯ ಹಾಸುಗಲ್ಲು ಸಡಿಲ ಐತಿ, ಮಗು ಜೋಪಾನ” ಎಂದು ಹೇಳಿಯೇ ಬರುತ್ತೇವೆ. ಹತ್ತಿಗೆ ಹೊಡೆದ ಔಷಧದ ಡಬ್ಬಿ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ನೀರು ತರಲು ಯಾರಿಗೂ ಕೊಡುವುದಿಲ್ಲ. ಕೊಟ್ಟು, “ನಾನು ಬರೀ ಡಬ್ಬಿ ಕೊಟ್ಟೆ, ಅದರಲ್ಲಿ ನೀರು ಕುಡಿದದ್ದು ಅವರ ತಪ್ಪು” ಎಂದರೆ ಓಣಿಯ ಜನ ನಮ್ಮನ್ನು ಬಿಡುತ್ತಾರೆಯೇ? ಒಂದು ಡಬ್ಬಿಗೆ ಇರುವ ನೀತಿ ಒಂದು ಕಾರ್ಖಾನೆಗೆ ಯಾಕೆ ಇಲ್ಲ?

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಈಗಿನ ಮಕ್ಕಳು ನೋಡಿಲ್ಲ, ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಹಗೇವಿನ ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಬಾಯಿ ತೆರೆದು ಗಾಳಿ ಆಡಲು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿತೋ, ಒಳಗೆ ಉಸಿರಾಡುವ ಗಾಳಿ ಇಲ್ಲ. ಅಕ್ಷರ ಬಾರದ ನಮ್ಮ ಹಿರಿಯರಿಗೆ ಈ ಶಾಸ್ತ್ರ ಗೊತ್ತಿತ್ತು. ಆ ದೀಪ ಇಳಿಸುವವನು ಯಾರು? ಹಗೇವಿನ ಒಡೆಯ. ಕೂಲಿಗೆ ಬಂದ ಆಳಿಗೆ, “ನೀನೇ ದೀಪ ತಂದುಕೋ” ಎಂದು ಯಾರೂ ಹೇಳುತ್ತಿರಲಿಲ್ಲ. ಯಾಕೆಂದರೆ ಹಗೇವು ಮುಚ್ಚಿ ಎಷ್ಟು ದಿನವಾಯಿತು, ಒಳಗೆ ನೀರು ಇಳಿದಿದೆಯೋ, ಕಾಳು ಮುಗ್ಗಿದೆಯೋ ಎಂಬುದು ಗೊತ್ತಿರುವುದು ಒಡೆಯನಿಗೆ.

ಕಾರ್ಖಾನೆಯ ತೊಟ್ಟಿಯೂ ಹಗೇವೇ. ಕಬ್ಬಿಣದ ತೊಟ್ಟಿಯನ್ನು ಒದ್ದೆಯಾಗಿಯೇ ಬಿಗಿಯಾಗಿ ಮುಚ್ಚಿಟ್ಟರೆ ತುಕ್ಕು ಹಿಡಿಯುತ್ತ ಹಿಡಿಯುತ್ತ ಒಳಗಿನ ಆಮ್ಲಜನಕವನ್ನೇ ತಿಂದುಬಿಡುತ್ತದೆ. ತಳದಲ್ಲಿ ಉಳಿದ ಎಣ್ಣೆಯ ರಾಡಿ ಕೊಳೆತರೂ ಹಾಗೆಯೇ. ನೋಡುವವರಿಗೆ ಖಾಲಿ ತೊಟ್ಟಿ, ಇಳಿದವನಿಗೆ ಸಾವು. ಇನ್ನೂ ಒಂದು ಮಾತಿದೆ. ಹಿಂಡಿಯಿಂದ ಉಳಿದ ಎಣ್ಣೆ ತೆಗೆಯುವ ಕಾರ್ಖಾನೆಗಳಲ್ಲಿ ಹೆಕ್ಸೇನ್ ಎಂಬ ದ್ರವ ಬಳಸುತ್ತಾರೆ. ಪೆಟ್ರೋಲಿನ ಜಾತಿಯದು. ಅದರ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ, ಕೊಳವೆಯಲ್ಲಿ, ಗುಂಡಿಯಲ್ಲಿ ಕೂತಿರುತ್ತದೆ. ಅಂಥ ಕಡೆ ನಮ್ಮ ಅಜ್ಜನ ದೀಪ ಇಳಿಸಿದರೆ ದೀಪ ಆರುವುದಿಲ್ಲ, ಕಾರ್ಖಾನೆಯೇ ಸಿಡಿಯುತ್ತದೆ. ಎಂದರೆ, ಒಳಗೆ ಏನಿದೆ ಎಂದು ಗೊತ್ತಿಲ್ಲದೆ ಪರೀಕ್ಷೆ ಮಾಡುವುದೂ ಅಪಾಯವೇ. ಆ ತೊಟ್ಟಿಯಲ್ಲಿ ಏನಿತ್ತು ಎಂಬುದು ಹತ್ತಾರು ವರ್ಷ ಅದನ್ನು ತುಂಬಿದವರಿಗೆ ಗೊತ್ತು, ಮೋಡಕಾದವನಿಗೆ ಗೊತ್ತಿಲ್ಲ, ಕೂಲಿಯವನಿಗಂತೂ ಇಲ್ಲ. ಗೊತ್ತಿರುವವನು ಕೀಲಿಕೈ ಕೊಟ್ಟು ಹೋಗುತ್ತಾನೆ, ಗೊತ್ತಿಲ್ಲದವನು ಒಳಗೆ ಇಳಿಯುತ್ತಾನೆ. ಎಲ್ಲ ಅನಾಹುತದ ಮೂಲ ಇದೇ.

ನಮ್ಮ ಸಣ್ಣ ಊರಿನ ಕಥೆ ಎಂದು ತಳ್ಳಿಹಾಕಬೇಡಿ. ದೊಡ್ಡವರು ಮಾಡಿದ್ದನ್ನೂ ನೋಡಿ.

1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾದದ್ದು ಎಲ್ಲರಿಗೂ ಗೊತ್ತು. ಆಮೇಲಿನದು ಅಷ್ಟು ಜನಕ್ಕೆ ಗೊತ್ತಿಲ್ಲ. ಕಾರ್ಖಾನೆ ನಿಂತುಹೋಯಿತು, ಒಳಗಿನ ವಿಷದ ಕಸ ಅಲ್ಲೇ ಉಳಿಯಿತು. 1998ರಲ್ಲಿ ಕಂಪನಿ ಗುತ್ತಿಗೆಯ ಜಮೀನನ್ನು ಮಧ್ಯಪ್ರದೇಶ ಸರಕಾರಕ್ಕೆ ಒಪ್ಪಿಸಿ ಕೈತೊಳೆದುಕೊಂಡಿತು. ಆ ಕಸದಲ್ಲಿ 337 ಟನ್ನನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ದುರಂತವಾಗಿ ನಲವತ್ತು ವರ್ಷ, ಜಮೀನು ಒಪ್ಪಿಸಿ ಇಪ್ಪತ್ತಾರು ವರ್ಷ! ಅಷ್ಟು ಕಾಲ ಸುತ್ತಲಿನ ಓಣಿಗಳ ಹೆಂಗಸರು ಕೊಳವೆ ಬಾವಿಯ ನೀರಿನ ಬಗ್ಗೆ ಅರ್ಜಿ ಬರೆದರು. ಅವರಿಗೂ ‘ಗೆ’ ಎಂದು ಬರೆದ ಮೇಲೆ ಯಾರ ಹೆಸರು ಎಂಬ ಕಷ್ಟವೇ.

ಕೊಡೈಕೆನಾಲಿನಲ್ಲಿ ಹಿಂದೂಸ್ತಾನ್ ಲೀವರ್‌ನವರ ಥರ್ಮಾಮೀಟರ್ ಕಾರ್ಖಾನೆ ಇತ್ತು. ಜ್ವರ ನೋಡುವ ಆ ಗಾಜಿನ ಕಡ್ಡಿ ನಮ್ಮೆಲ್ಲರ ಮನೆಯಲ್ಲಿ ಇದ್ದದ್ದೇ. 2001ರಲ್ಲಿ ಊರವರು ಹೋಗಿ ನೋಡಿದರೆ ಪಾದರಸ ಅಂಟಿದ ಒಡೆದ ಗಾಜು ಮೋಡಕಾ ಅಂಗಡಿಯಲ್ಲಿ, ಜನವಸತಿಯ ನಡುವೆ ಬಿದ್ದಿತ್ತು. ಕಾರ್ಖಾನೆ ನಿಂತಿತು. 2003ರಲ್ಲಿ ಸುಮಾರು 290 ಟನ್ ಪಾದರಸದ ಕಸವನ್ನು ಅಮೆರಿಕಕ್ಕೆ ಹಿಂದಿರುಗಿಸಬೇಕಾಯಿತು. 591 ಜನ ಹಳೆಯ ಕೆಲಸಗಾರರ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡದ್ದು 2016ರಲ್ಲಿ. ಹದಿನೈದು ವರ್ಷ ಕಾಯುವ ಶಕ್ತಿ ಎಷ್ಟು ಜನಕ್ಕೆ ಇದ್ದೀತು?

ಮೂರನೆಯದನ್ನು ಹೇಳುವಾಗ ಮಾಸ್ತರಿಕೆಯವಳಾಗಿ ನನಗೆ ನಾಚಿಕೆಯಾಗುತ್ತದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ರಸಾಯನ ವಿಭಾಗದವರು ಬಹಳ ವರ್ಷ ಬಳಸದೆ ಇಟ್ಟಿದ್ದ ಒಂದು ಯಂತ್ರವನ್ನು ಹರಾಜಿನಲ್ಲಿ ಗುಜರಿಗೆ ಮಾರಿದರು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣದ ವಸ್ತು ಹಾಗೆಯೇ ಇತ್ತು. ಮಾಯಾಪುರಿಯ ಮೋಡಕಾ ಬಜಾರಿನಲ್ಲಿ ಅದನ್ನು ಬಿಚ್ಚಿದರು. ಹಲವರು ಕಾಯಿಲೆ ಬಿದ್ದರು, ಒಬ್ಬ ಸತ್ತ. ಡಾಕ್ಟರೇಟು ಪಡೆದವರು ತುಂಬಿದ ಮನೆಯಿಂದ ಹೋದ ವಿಷವನ್ನು ಅಕ್ಷರ ಬಾರದವರು ಬರಿಗೈಯಲ್ಲಿ ಹಿಡಿದರು. ಹರಾಜು ಮಾಡುವ ಮುನ್ನ ಒಳಗೆ ಏನಿದೆ ಎಂದು ಒಂದು ಚೀಟಿ ಅಂಟಿಸಿದ್ದರೆ ಸಾಕಿತ್ತು.

ಇನ್ನು ನಮ್ಮ ರಾಜ್ಯ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ತುಂಗಭದ್ರೆಯ ಆಚೆ ದಡದಲ್ಲಿ 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಸಯನೈಡು ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳು ಆ ಊರಿನ ಮಗ್ಗುಲಲ್ಲಿ ಹಾಗೆಯೇ ನಿಂತಿವೆ. ಗಾಳಿ ಬೀಸಿದರೆ ಧೂಳು ಮನೆಯೊಳಗೆ ಬರುತ್ತದೆ. 2024ರಲ್ಲಿ ಆ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಯೋಜನೆಗೆ ರಾಜ್ಯದ ಸಂಪುಟ ಒಪ್ಪಿತು. ದಿಬ್ಬದಲ್ಲಿ ಎಷ್ಟು ಚಿನ್ನ ಇದೆಯೆಂದು ತೂಗುವವರು ಬಂದರು. ಇಷ್ಟು ವರ್ಷ ಅಲ್ಲಿನ ಹೆಂಗಸರು ಗುಡಿಸಿ ಹಾಕಿದ ಧೂಳನ್ನು ಯಾರು ತೂಗಿದರು?

ಭದ್ರಾವತಿಯ ಮಾತೂ ಬರಲಿ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಅದರ ಒಡೆತನದ ಉಕ್ಕು ಪ್ರಾಧಿಕಾರ ಕೈಗೊಂಡದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬಿದಾಗ. ಆಮೇಲೆ ಅದರ ಒಂದು ಭಾಗ ಮತ್ತೆ ನಡೆಯಿತು. ಆದರೆ ಆಗ ತಿಂಗಳುಗಟ್ಟಲೆ ಗೇಟಿನ ಮುಂದೆ ಕುಳಿತವರು ಯಾರು? ಗುತ್ತಿಗೆ ಕಾರ್ಮಿಕರು. ಕಾರ್ಖಾನೆ ನಡೆಯುವಾಗ ‘ನೀವು ನಮ್ಮವರಲ್ಲ’ ಎನಿಸಿಕೊಂಡವರೇ ಮುಚ್ಚುವಾಗ ಮೊದಲು ಬೀದಿಗೆ ಬೀಳುತ್ತಾರೆ.

ಮುಚ್ಚಿದ ಕಾರ್ಖಾನೆಗಳ ಹರಾಜಿನ ಜಾಹೀರಾತು ಪತ್ರಿಕೆಗಳಲ್ಲಿ ಬರುತ್ತದೆ. ನಾವು ಅದನ್ನು ಓದುವುದಿಲ್ಲ, ಡಬ್ಬಿಯ ತಳಕ್ಕೆ ಹಾಸುತ್ತೇವೆ. ಇನ್ನು ಮೇಲೆ ಹಾಸುವ ಮುನ್ನ ಒಮ್ಮೆ ಓದಿ. ಅದರಲ್ಲಿ ‘ಇದ್ದಲ್ಲಿ ಇದ್ದಂತೆ’ ಎಂಬ ಅರ್ಥದ ಒಂದು ಮಾತು ಇರುತ್ತದೆ. ಮಾಲು ಎಲ್ಲಿ ಇದೆಯೋ ಅಲ್ಲಿಯೇ, ಹೇಗೆ ಇದೆಯೋ ಹಾಗೆಯೇ ಕೊಳ್ಳಬೇಕು, ಆಮೇಲೆ ತಕರಾರು ಮಾಡಕೂಡದು. ಹಳೆಯ ಸೈಕಲ್ಲು ಮಾರುವಾಗ ಈ ಮಾತು ಸರಿ. ಎಣ್ಣೆ, ಆಮ್ಲ, ಆವಿ ತುಂಬಿದ ತೊಟ್ಟಿಗಳನ್ನು ‘ಇದ್ದಲ್ಲಿ ಇದ್ದಂತೆ’ ಮಾರಿದರೆ ಆ ಮಾತಿನ ಅರ್ಥವೇನು? ಒಳಗಿನ ಸಾವನ್ನೂ ಇದ್ದಲ್ಲಿ ಇದ್ದಂತೆ ಕೊಟ್ಟಿದ್ದೇವೆ ಎಂದು ಅರ್ಥ. ಬೆಲೆ ಕಟ್ಟುವುದು ಕಬ್ಬಿಣಕ್ಕೆ ಮಾತ್ರ, ಇದು ಯಾರ ಲೆಕ್ಕದಲ್ಲೂ ಬರುವುದಿಲ್ಲ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದ್ದವು. ಆ ತಾಯಿಯ ಅರ್ಜಿಗಾಗಿ ನನ್ನ ಹಳೆಯ ವಿದ್ಯಾರ್ಥಿಯಾದ ಒಬ್ಬ ವಕೀಲನ ಮನೆಯಲ್ಲಿ ಕುಳಿತು ನಾನು ಓದಿದ್ದೇನೆ. 1948ರ ಕಾರ್ಖಾನೆಗಳ ಕಾಯ್ದೆಯ 36ನೆಯ ಕಲಮಿನ ಪ್ರಕಾರ, ಅಪಾಯದ ಅನಿಲ ಇರಬಹುದಾದ ತೊಟ್ಟಿಗೆ, ಗುಂಡಿಗೆ, ಕೊಳವೆಗೆ ಯಾರನ್ನೂ ಸುಮ್ಮನೆ ಇಳಿಸುವಂತಿಲ್ಲ. ತಿಳಿದವರು ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಟ್ಟಿರಬೇಕು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಸಲಕರಣೆ ಇರಬೇಕು, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗೆ ಒಬ್ಬ ಹಿಡಿದಿರಬೇಕು. 37ನೆಯ ಕಲಮು, ಉರಿಯುವ ವಸ್ತು ಇದ್ದ ತೊಟ್ಟಿಯನ್ನು ಅದು ತೆಗೆದು ಸ್ವಚ್ಛವಾಗುವ ತನಕ ಕಾಯಿಸಿ ಕತ್ತರಿಸಬಾರದು ಎನ್ನುತ್ತದೆ. ನಮ್ಮ ಹಗೇವಿನ ಶಾಸ್ತ್ರವನ್ನೇ ಸರಕಾರ ಬರೆದಿಟ್ಟ ಹಾಗೆ ಇದೆ. ಓದುತ್ತ ನನಗೆ ಕಣ್ಣು ತುಂಬಿತು. ಒಂದು ಹಗ್ಗದ ಮಾತು ಕಾಯ್ದೆಯಲ್ಲಿ ಇತ್ತು, ಆ ಮನುಷ್ಯನ ಸೊಂಟದಲ್ಲಿ ಇರಲಿಲ್ಲ.

ಪರಿಹಾರದ ವಿಷಯಕ್ಕೆ ಬನ್ನಿ. 1923ರ ಪರಿಹಾರ ಕಾಯ್ದೆಯಲ್ಲಿ, ಗುತ್ತಿಗೆದಾರನ ಆಳು ಸತ್ತರೂ ಕೆಲಸ ಕೊಟ್ಟ ಮೂಲ ಒಡೆಯನೇ ಪರಿಹಾರ ಕೊಡಬೇಕೆಂದು 12ನೆಯ ಕಲಮು ಇತ್ತು. ಆದರೆ ಆ ಕೆಲಸ ಒಡೆಯನ ಮಾಮೂಲಿ ವ್ಯವಹಾರದ ಭಾಗವಾಗಿರಬೇಕು. ಇಲ್ಲಿ ನುಣುಚಿಕೊಳ್ಳಲು ದಾರಿ. “ನಮ್ಮ ವ್ಯವಹಾರ ಎಣ್ಣೆ ತೆಗೆಯುವುದು. ಕಾರ್ಖಾನೆ ಒಡೆಯುವುದು ನಮ್ಮ ವ್ಯವಹಾರವೇ ಅಲ್ಲ” ಎನ್ನಬಹುದು. ಅದಕ್ಕಿಂತ ದೊಡ್ಡ ಜಾಣತನ ಇನ್ನೊಂದಿದೆ. ಒಡೆಯುವ ಗುತ್ತಿಗೆ ಕೊಡುವುದೇ ಬೇಡ, ಇಡೀ ಕಾರ್ಖಾನೆಯನ್ನು ಗುಜರಿಯೆಂದು ಮಾರಿಬಿಡುವುದು. ಆಗ ಒಳಗೆ ಬಂದವನು ಗುತ್ತಿಗೆದಾರನಲ್ಲ, ಖರೀದಿದಾರ. ಗುತ್ತಿಗೆಯೇ ಇಲ್ಲದ ಮೇಲೆ ಗುತ್ತಿಗೆ ಕೊಟ್ಟ ಒಡೆಯ ಎಲ್ಲಿಂದ ಬಂದ? ಒಂದು ಶಬ್ದ ಬದಲಾಯಿಸಿದರೆ ಒಬ್ಬ ವಿಧವೆಯ ಅರ್ಜಿಯ ‘ಗೆ’ ಖಾಲಿಯಾಗುತ್ತದೆ. ಕನ್ನಡದ ಟೀಚರಾಗಿ ಶಬ್ದಕ್ಕೆ ಇಷ್ಟು ಶಕ್ತಿ ಇದೆಯೆಂದು ನನಗೆ ಅಂದೇ ಗೊತ್ತಾದದ್ದು.

2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ 20 ಜನ ಇದ್ದಲ್ಲಿ ಅನ್ವಯಿಸುತ್ತಿತ್ತು, ಹೊಸದರಲ್ಲಿ ಆ ಸಂಖ್ಯೆ 50. ನಮ್ಮ ಊರಿನ ಮೇಸ್ತ್ರಿಯ ಜೊತೆ ಇದ್ದವರು ಹನ್ನೊಂದು ಜನ. ಇಪ್ಪತ್ತರಲ್ಲೂ ಅವರು ಇರಲಿಲ್ಲ, ಐವತ್ತರಲ್ಲಿ ಎಲ್ಲಿಂದ ಬರಬೇಕು? ಸಣ್ಣ ಊರುಗಳಲ್ಲಿ ಕಾರ್ಖಾನೆ ಒಡೆಯುವವರು ಹತ್ತು ಹನ್ನೆರಡು ಜನರೇ. ಕಾಯ್ದೆಯ ಜರಡಿಯ ಕಣ್ಣು ದೊಡ್ಡದು ಮಾಡಿದಷ್ಟೂ ನಮ್ಮ ಜನ ಕೆಳಗೆ ಸೋರಿಹೋಗುತ್ತಾರೆ.

ಆದರೂ ನಮ್ಮ ಕಡೆಗೆ ಒಂದು ದೊಡ್ಡ ಮಾತಿದೆ. ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಅನಿಲ ಸೋರಿದ ಮೊಕದ್ದಮೆಯಲ್ಲಿ 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಅಪಾಯದ ಉದ್ಯಮ ನಡೆಸುವವರಿಗೆ ಸಮಾಜದ ಕಡೆಗೆ ಪೂರ್ತಿ ಹೊಣೆ ಇದೆ, ಆ ಹೊಣೆಯನ್ನು ಬೇರೆಯವರಿಗೆ ದಾಟಿಸಲು ಬರುವುದಿಲ್ಲ. ಕಾರ್ಖಾನೆ ನಡೆಯುವಾಗ ದಾಟಿಸಲು ಬಾರದ ಹೊಣೆ, ಅದೇ ವಿಷ ಅದೇ ತೊಟ್ಟಿಯಲ್ಲಿ ಇರುವಾಗ, ಗೇಟಿಗೆ ಬೀಗ ಹಾಕಿದ ಮಾತ್ರಕ್ಕೆ ದಾಟಿಹೋಗುವುದು ಯಾವ ನ್ಯಾಯ?

ಇದಕ್ಕೆ ಎದುರು ಮಾತು ನಾನು ಬಹಳ ಕೇಳಿದ್ದೇನೆ. ಒಬ್ಬರು ಹೇಳುತ್ತಾರೆ, “ಒಡೆಯುವವರಿಗೆ ತಮ್ಮ ಕಸುಬು ಗೊತ್ತಿರಬೇಕಲ್ಲ.” ಕಬ್ಬಿಣ ಕತ್ತರಿಸುವ ಕಸುಬು ಅವರಿಗೆ ಗೊತ್ತು, ನಿಜ. ಆದರೆ ಆ ತೊಟ್ಟಿಯ ಚರಿತ್ರೆ ಅವರಿಗೆ ಯಾರು ಹೇಳಿದರು? ಕಟ್ಟಿಗೆ ಒಡೆಯಲು ಬಂದವನಿಗೆ ಪೊಟರೆಯಲ್ಲಿ ಹಾವಿದೆ ಎಂದು ಹೇಳುವುದು ಮನೆಯವರ ಕೆಲಸ.

ಇನ್ನೊಬ್ಬರು, “ಮಾಲೀಕರೇ ದಿವಾಳಿ, ಅವರು ಎಲ್ಲಿಂದ ಖರ್ಚು ಮಾಡಬೇಕು?” ಎನ್ನುತ್ತಾರೆ. ದಿವಾಳಿಯಾದರೂ ಕಬ್ಬಿಣ ಮಾರಿದ ದುಡ್ಡು ಬರುತ್ತದಲ್ಲ. ಬ್ಯಾಂಕಿನ ಸಾಲ ಅದರಿಂದ ತೀರುತ್ತದೆ. ತೊಟ್ಟಿ ತೊಳೆಯುವ ಖರ್ಚನ್ನೂ ಅದೇ ದುಡ್ಡಿನಲ್ಲಿ ಮೊದಲು ತೆಗೆದಿಡಲಿ. ಸತ್ತವರ ಮನೆಯಲ್ಲಿ ಆಸ್ತಿ ಹಂಚುವ ಮುನ್ನ ಮಣ್ಣಿನ ಖರ್ಚು ತೆಗೆದಿಡುವುದು ಬಡವರಿಗೂ ಗೊತ್ತಿರುವ ರೀತಿ.

ಮೂರನೆಯವರು ಓದಿದವರು. “ಇಂಗ್ಲೆಂಡಿನಲ್ಲಿ ಎಲ್ಲ ನಿಯಮ ಇದ್ದೂ ಜನ ಸಾಯುತ್ತಾರೆ” ಎನ್ನುತ್ತಾರೆ. ಹೌದು. 2016ರ ಫೆಬ್ರುವರಿಯಲ್ಲಿ ಡಿಡ್‌ಕಾಟ್ ಎಂಬಲ್ಲಿ ಹಳೆಯ ವಿದ್ಯುತ್ ಸ್ಥಾವರ ಒಡೆಯುವ ಸಿದ್ಧತೆ ನಡೆದಾಗ ಕಟ್ಟಡ ಕುಸಿದು ನಾಲ್ವರು ಸತ್ತರು. ಕೊನೆಯವನ ದೇಹ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಲ್ಲಿನ ನಿಯಮದಲ್ಲಿ, ಕೆಲಸ ಕೊಡುವ ಒಡೆಯ ತನಗೆ ತಿಳಿದ ಅಪಾಯಗಳನ್ನೆಲ್ಲ ಮೊದಲೇ ಗುತ್ತಿಗೆದಾರನಿಗೆ ತಿಳಿಸಬೇಕು. ಕಾಗದವೊಂದೇ ಜೀವ ಉಳಿಸುವುದಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಸತ್ತ ಮೇಲೆ ಯಾರನ್ನು ಕೇಳಬೇಕು ಎಂಬುದಾದರೂ ಅಲ್ಲಿ ಬರಹದಲ್ಲಿ ಇದೆ. ನಿಯಮ ಇದ್ದೂ ನಾಲ್ವರು ಸತ್ತರೆಂದರೆ ನಿಯಮವೇ ಇಲ್ಲದಲ್ಲಿ ಎಷ್ಟು ಜನ ಲೆಕ್ಕಕ್ಕೇ ಬಾರದೆ ಸತ್ತಿರಬೇಕು ಎಂದು ಯೋಚಿಸಿ.

ಹಾಗಾದರೆ ಏನು ಬೇಕು? ನಾನು ಕೇಳುವುದು ದೊಡ್ಡದೇನೂ ಅಲ್ಲ. ಕೀಲಿಕೈ ಕೊಡುವ ಮುನ್ನ ಒಳಗಿನ ಒಂದೊಂದು ತೊಟ್ಟಿ, ಕೊಳವೆ, ಗುಂಡಿಯಲ್ಲಿ ಏನಿತ್ತು, ಈಗ ಏನಿದೆ ಎಂಬ ಯಾದಿಯನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಆ ತೊಟ್ಟಿಗಳನ್ನು ನಡೆಸಿದವರೇ ಖಾಲಿ ಮಾಡಿಸಿ ತೊಳೆಸಿ ಕೊಡಬೇಕು. ಕರೆಂಟು, ಉಗಿ, ಅನಿಲ ಎಲ್ಲಿ ಕಡಿದಿದೆ ಎಂದು ತೋರಿಸಬೇಕು. ಚಾವಣಿಯ ಹಳೆಯ ಸಿಮೆಂಟು ಶೀಟಿನಲ್ಲಿ ಕಲ್ನಾರು ಇರುತ್ತದೆ, ಅದನ್ನು ಒಡೆದು ಧೂಳು ಎಬ್ಬಿಸದೆ ಇಳಿಸಬೇಕೆಂದು ಹೇಳಬೇಕು. ಅಲ್ಲಿ ಹತ್ತಿಪ್ಪತ್ತು ವರ್ಷ ದುಡಿದ ಹಳೆಯ ಕೆಲಸಗಾರರಲ್ಲಿ ಇಬ್ಬರನ್ನಾದರೂ ಒಡೆಯುವ ಕೆಲಸ ಮುಗಿಯುವ ತನಕ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಯಾವ ವಾಲ್ವಿನ ಹಿಂದೆ ಏನಿದೆ ಎಂಬುದು ಅವರ ಕೈಗೆ ಗೊತ್ತು. ಗೇಟಿನ ಮೇಲೆ ಒಂದು ಹಲಗೆ ಹಾಕಬೇಕು. ಅದರಲ್ಲಿ ಕಾರ್ಖಾನೆಯ ಒಡೆಯರ ಹೆಸರು, ಕೊಂಡವರ ಹೆಸರು, ಒಡೆಯುವವರ ಹೆಸರು, ಮೂವರ ವಿಳಾಸ ಇರಬೇಕು. ಒಳಗೆ ಹೋದವರ ಹೆಸರು ದಿನವೂ ಒಂದು ಹಾಜರಿ ಪುಸ್ತಕದಲ್ಲಿ ಇರಬೇಕು. ನಮ್ಮ ಶಾಲೆಯಲ್ಲಿ ನಲವತ್ತು ಮಕ್ಕಳ ಹಾಜರಿ ದಿನವೂ ತೆಗೆಯುತ್ತೇವೆ, ಹನ್ನೊಂದು ಜನರ ಹಾಜರಿ ತೆಗೆಯಲು ಯಾವ ಕಷ್ಟ?

ನಾವು ಹೆಂಗಸರು ಏನು ಮಾಡಬಲ್ಲೆವು ಎಂದು ಕೇಳಬೇಡಿ. ನಿಮ್ಮ ಪುರಸಭೆಯಲ್ಲಿ, ಪಟ್ಟಣ ಪಂಚಾಯತಿಯಲ್ಲಿ ನಿಮ್ಮ ವಾರ್ಡಿನ ಸದಸ್ಯರಿದ್ದಾರೆ, ಅವರಲ್ಲಿ ಹೆಂಗಸರೂ ಇದ್ದಾರೆ. ಮುಚ್ಚಿದ ಗೇಟು ತೆರೆದ ದಿನ ಹೋಗಿ, “ಇದನ್ನು ಒಡೆಯುವವರು ಯಾರು, ಒಳಗೆ ಏನಿದೆ?” ಎಂದು ಕೇಳಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯ್ದೆಯಡಿ ಬರಹದಲ್ಲಿ ಕೇಳಿ. ಗಂಡಸರು, “ನಿಮಗ್ಯಾಕ ಬೇಕ್ರಿ ಅದು” ಎಂದಾರು. ತೊಟ್ಟಿಯಿಂದ ಹೆಣ ಬಂದಾಗ ಅದನ್ನು ತೊಳೆಯುವವರು ನಾವು, ಆಮೇಲೆ ಮಕ್ಕಳನ್ನು ಸಾಕುವವರು ನಾವು. ನಮಗೆ ಬೇಡದೆ ಮತ್ತೆ ಯಾರಿಗೆ ಬೇಕು?

ಆ ತಾಯಿಯ ಕಥೆ ಮುಗಿಸುತ್ತೇನೆ. ಅರ್ಜಿ ಬರೆಯುವ ಮುನ್ನವೇ ಅವಳ ಮನೆಗೆ ಒಂದು ಸ್ಟಾಂಪ್ ಪೇಪರು ಬಂದಿತ್ತು. ಒಂದಿಷ್ಟು ದುಡ್ಡು ಮುಟ್ಟಿತು, ಇನ್ನು ಯಾರ ಮೇಲೂ ತಕರಾರು ಇಲ್ಲ ಎಂದು ಅದರಲ್ಲಿ ಬರೆದಿತ್ತು. ಊರ ಹಿರಿಯರು, “ಸಿಕ್ಕಷ್ಟು ತಗೋಳವ್ವ, ಕೋರ್ಟು ಕಚೇರಿ ಅಲೆದು ಬಡವರು ಉದ್ಧಾರ ಆಗ್ಯಾರೇನು” ಎಂದಿದ್ದರು. ನಿಜ ಹೇಳುತ್ತೇನೆ, ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ಹುಡುಗಿಯ ಪರೀಕ್ಷೆ ಹತ್ತಿರ ಇತ್ತು, ಮನೆಯಲ್ಲಿ ಜೋಳ ಮುಗಿದಿತ್ತು. ಆದರೆ ವಕೀಲ ಹುಡುಗ ಎರಡು ಕಲಮು ತೋರಿಸಿದ. ಸತ್ತವರ ಪರಿಹಾರವನ್ನು ಒಡೆಯ ನೇರವಾಗಿ ಮನೆಯವರ ಕೈಗೆ ಕೊಟ್ಟರೆ ಅದು ಪರಿಹಾರವೆಂದು ಲೆಕ್ಕಕ್ಕೆ ಬರುವುದಿಲ್ಲ, ಆಯುಕ್ತರಲ್ಲಿ ಜಮಾ ಮಾಡಬೇಕು ಎಂದು 8ನೆಯದು ಹೇಳುತ್ತಿತ್ತು. ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಎಂದು ಬರೆಸಿಕೊಂಡ ಕರಾರು ಊರ್ಜಿತವಲ್ಲ ಎಂದು 17ನೆಯದು. ಓದುಗ ಸೋದರಿಯರೇ, ಕಾಯ್ದೆಯ ಹೆಸರು ಈಗ ಬದಲಾಗಿದೆ. ಆದರೆ ಇದೊಂದನ್ನು ನೆನಪಿಡಿ. ಅಂಥ ಕಾಗದ ನಿಮ್ಮ ಓಣಿಯ ಯಾವ ಮನೆಗೆ ಬಂದರೂ ತಿಳಿದವರಿಗೆ ತೋರಿಸುವ ತನಕ ಹೆಬ್ಬೆಟ್ಟು ಒತ್ತಲು ಬಿಡಬೇಡಿ.

ಅವಳು ಒತ್ತಲಿಲ್ಲ. ಅರ್ಜಿಯನ್ನು ಮತ್ತೆ ಬರೆದೆವು. ಬರೆದವಳು ನಾನಲ್ಲ, ಅವಳ ಮಗಳು. ನಾನು ಹೇಳುತ್ತ ಹೋದೆ, ಆಕೆ ದುಂಡಗೆ ಬರೆಯುತ್ತ ಹೋದಳು. ‘ಗೆ’ ಎಂದು ಬರೆದು ಮುಖ ಎತ್ತಿ ನೋಡಿದಳು. “ಮೂವರ ಹೆಸರೂ ಬರಿ,” ಎಂದೆ. “ಎಲ್ಲರಿಗಿಂತ ಮೇಲೆ ಯಾರದು ಬರೀಲ್ರಿ, ಟೀಚರ್?” ಎಂದಳು. “ಮೊದಲು ಕೀಲಿಕೈ ಯಾರ ಹತ್ತಿರ ಇತ್ತೋ ಅವರದು,” ಎಂದೆ.

ಆ ಮೊಕದ್ದಮೆ ಇನ್ನೂ ನಡೆದಿದೆ. ಹುಡುಗಿ ಕಾಲೇಜು ಸೇರಿದ್ದಾಳೆ. ತಾಯಿ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಕೆಲಸ ಮಾಡುತ್ತಾಳೆ. ಆ ಕಾರ್ಖಾನೆಯ ಜಾಗದಲ್ಲಿ ಈಗ ಕಬ್ಬಿಣದ ಒಂದು ಚೂರೂ ಇಲ್ಲ, ನಿವೇಶನಗಳ ಕಲ್ಲು ನೆಟ್ಟಿದ್ದಾರೆ. ಆ ತೊಟ್ಟಿಯನ್ನು ಮಣ್ಣು ಹಾಕಿ ಮುಚ್ಚಿದರೆಂದು ಜನ ಹೇಳುತ್ತಾರೆ. ತಳದ ರಾಡಿ ತೆಗೆದು ಮುಚ್ಚಿದರೋ, ಹಾಗೆಯೇ ಮುಚ್ಚಿದರೋ, ನಾಳೆ ಅಲ್ಲಿ ಮನೆ ಕಟ್ಟಿ ಬೋರು ಹೊಡೆಸುವವರಿಗೆ ಯಾರೂ ಹೇಳಿಲ್ಲ. ಮತ್ತೊಮ್ಮೆ ಕೀಲಿಕೈ ಕೈ ಬದಲಾಗುತ್ತಿದೆ. ಕೇಳುವವರು ಈ ಸಲವಾದರೂ ಮೊದಲೇ ಕೇಳಲಿ.